ಕೈ ಒಪ್ಪಿಸಿದ ಬೆಳಿಗ್ಗೆ

ಕೋಚ್ ಆಗುವ ಆಟಗಾರರು ತಮ್ಮ ಕೈಚಳಕವನ್ನು ಯಂತ್ರದ ಮೂಲಕ ಶಿಷ್ಯರೊಬ್ಬರಿಗೆ ಇಳಿಸಿಕೊಡಬೇಕೆಂಬ ನಿಯಮ ಬಂದು ಆರು ವರ್ಷವಾಗಿತ್ತು. ಹದಿನೆಂಟು ವರ್ಷ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಡಿದ ಭಾರ್ಗವಿಯ ಸರದಿ ಆ ಬೆಳಿಗ್ಗೆ ಮಂಡ್ಯದ ಕ್ರೀಡಾಂಗಣದಲ್ಲಿ ಬಂತು. ತನ್ನ ಮತ್ತು ಹದಿನೇಳರ ಶಿಷ್ಯೆ ನಸ್ರೀನಳ ಮಣಿಕಟ್ಟಿಗೆ ತಂತ್ರಜ್ಞ ಯಂತ್ರದ ಪಟ್ಟಿ ಕಟ್ಟುವಾಗ ಭಾರ್ಗವಿಯ ಬೆನ್ನು ಬೆವೆತಿತ್ತು. ಈ ಕೈ ಖಾಲಿಯಾದರೆ ತನ್ನಲ್ಲಿ ಉಳಿಯುವುದೇನು ಎಂಬ ಹೆದರಿಕೆ.

“ಐದೇ ನಿಮಿಷ ಮೇಡಂ, ನೋವಾಗಲ್ಲ,” ಎಂದ ತಂತ್ರಜ್ಞ.

ನಿಜಕ್ಕೂ ನೋವಾಗಲಿಲ್ಲ. ಆದರೆ ಆಮೇಲೆ ಅವಳೆಸೆದ ಚೆಂಡು ರಿಂಗನ್ನೂ ಮುಟ್ಟದೆ ಕೆಳಗೆ ಬಿತ್ತು.

ನಸ್ರೀನ್ ಎಸೆದಳು. ಚೆಂಡು ಸರ್ರನೆ ಬಲೆಯೊಳಗೆ ಇಳಿಯಿತು. ಎರಡನೆಯದೂ ಇಳಿಯಿತು. ಮೂರನೆಯದನ್ನು ಹಿಡಿದು ಅವಳು ನಿಂತೇಬಿಟ್ಟಳು. ಮುಖ ಬಿಳಿಚಿತ್ತು.

“ಅಕ್ಕಾ, ಎಸೆಯೋಕೆ ಮುಂಚೆ ಜೀವ ಬಾಯಿಗೆ ಬರ್ತದೆ. ನನಗೆ ಯಾವತ್ತೂ ಹಿಂಗಾಗಿರಲಿಲ್ಲ. ಈ ಭಯ ನಿಮ್ದಾ?”

ಪ್ರತಿ ಎಸೆತಕ್ಕೂ ಮುಂಚೆ ಕಾಡುತ್ತಿದ್ದ ಆ ಭಯ ಗಂಡನಿಗೂ ಹೇಳದ ಗುಟ್ಟಾಗಿತ್ತು. ಭಾರ್ಗವಿ ಹೌದೆಂದು ತಲೆಯಾಡಿಸಿದಳು.

“ಇದನ್ನ ಇಟ್ಕೊಂಡು ಅಷ್ಟು ವರ್ಷ ಹೆಂಗಕ್ಕಾ ಆಡಿದ್ರಿ?”

ಭಯವನ್ನಿಟ್ಟುಕೊಂಡೇ ಆಡುವ ಬಗೆಯೊಂದು ಮಾತ್ರ ಯಂತ್ರಕ್ಕೆ ಸಿಕ್ಕದೆ ಅವಳಲ್ಲೇ ಉಳಿದಿತ್ತು. ಚೆಂಡು ಹಿಡಿದಿದ್ದ ನಸ್ರೀನಳ ಕೈಗಳ ಮೇಲೆ ಭಾರ್ಗವಿ ತನ್ನ ಕೈಯಿಟ್ಟಳು.

“ಮೊದಲು ಉಸಿರು ಬಿಡು,” ಎಂದಳು. “ಹೇಳ್ಕೊಡ್ತೀನಿ.”