ಮೂರು ಕಾಲಿನ ಗಿಣಿ

ಮಗನ ಮದುವೆಗೆ ಕರೆಯಲು ಬಂದ ಯಲ್ಲಪ್ಪ ಕಾಕಾ ಕೊಟ್ಟ ಲಗ್ನಪತ್ರಿಕೆಯ ಮೂಲೆಯಲ್ಲಿ ಮೂರು ಕಾಲಿನ ಗಿಣಿಯೊಂದು ಕೂತಿತ್ತು. ಮೂಡಲಗಿಯ ತನ್ನ ಡಿಟಿಪಿ ಅಂಗಡಿಯಲ್ಲಿ ಶೈಲಾಳ ಬೆರಳುಗಳು ಕೀಬೋರ್ಡಿನ ಮೇಲೆಯೇ ನಿಂತುಬಿಟ್ಟವು. ಅದು ಅವಳ ಅವ್ವ ಪಾರವ್ವ ಸಾಯುವ ಮುಂಚೆ ಬಿಡಿಸಿದ ಗಿಣಿ; ಕೈ ನಡುಗಿ ಕಾಲು ಮೂರಾಗಿದ್ದವು. ಶೈಲಾ ಅದನ್ನು ಸ್ಕ್ಯಾನ್ ಮಾಡಿ, ಯಾವ ಗಿರಾಕಿಗೂ ಕೊಡದೆ, ಮಗಳ ಮದುವೆಗೆಂದು ಕಂಪ್ಯೂಟರಿನಲ್ಲಿ ಕಾದಿಟ್ಟಿದ್ದಳು.

ಆ ಕಂಪ್ಯೂಟರಿಗೆ ಕೈ ಹಾಕಿದವನು ರಿಪೇರಿಯ ಬಸವಲಿಂಗ ಒಬ್ಬನೇ. ಎರಡು ತಿಂಗಳ ಹಿಂದೆ ಹೊಸ ಎಸ್‌ಎಸ್‌ಡಿ ಡಿಸ್ಕ್ ಕೂರಿಸಿ, ವಿಂಡೋಸ್ ಸಮೇತ ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿಕೊಟ್ಟಿದ್ದ. "ಹಳೇ ಡಿಸ್ಕ್ ಸತ್ತೈತ್ರಿ ಅಕ್ಕಾರ, ನಾನ ಒಗದಬಿಡ್ತೇನಿ" ಎಂದು ಅದನ್ನು ಚೀಲಕ್ಕೆ ಹಾಕಿಕೊಂಡವನಿಗೆ ಅವಳೇ ಚಹಾ, ಚುರುಮುರಿ ಕೊಟ್ಟಿದ್ದಳು. ಗಿಣಿಯ ಕತೆಯನ್ನೂ ಹೇಳಿದ್ದಳು.

"ಪತ್ರಿಕಿ ಎಲ್ಲೆ ಮಾಡಿಸೀರಿ ಕಾಕಾ?"

"ಗೋಕಾಕದಾಗ ಬಸವಲಿಂಗ ಹೊಸಾ ಅಂಗಡಿ ಹಾಕ್ಯಾನಲ್ಲ, ಅಲ್ಲೆ. ಸಿಟ್ಟಾಗಬ್ಯಾಡವಾ ಮತ್ತ." ಕಾಕಾ ಗಿಣಿಯ ಮೇಲೆ ಬೆರಳಿಟ್ಟರು. "ಇದಕ್ಯಾಕೋ ತಮ್ಮಾ ಮೂರ ಕಾಲ ಅಂತ ಕೇಳಿದೆ. ಪಾಪ, ಕಣ್ಣಾಗ ನೀರ ತಂದ. 'ನಮ್ಮವ್ವ ಸಾಯೂ ಮುಂದ ತಗದದ್ರಿ ಇದು' ಅಂದ."