ಬಾಗದ ಈಟಿ

ರೋಮ್ ಸೈನ್ಯದ ಬೀಡಿನಲ್ಲಿ ಕಮ್ಮಾರನನ್ನು ಮಾತಾಡಿಸುತ್ತಿದ್ದವನು ಒಬ್ಬನೇ ಒಬ್ಬ ಸೈನಿಕ. ಉಳಿದವರೆಲ್ಲ ಬಾಗಿದ ಈಟಿಗಳನ್ನು ಕುಲುಮೆಯ ಮುಂದೆ ಬಿಸಾಕಿ ಹೋಗಿಬಿಡುತ್ತಿದ್ದರು. ಇವನು ಮಾತ್ರ ಕೂತು, ಊರಿನ ಸುದ್ದಿ ಹೇಳಿ, ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದ.

ಈಟಿಯ ಕತ್ತು ಮೆದು ಕಬ್ಬಿಣದ್ದು. ನಾಟಿದೊಡನೆ ಅದು ಬಾಗಬೇಕು, ಶತ್ರು ಅದನ್ನೇ ಕಿತ್ತು ತಿರುಗಿ ಎಸೆಯುವಂತಿರಬಾರದು. ಅದು ಸೈನ್ಯದ ಕಟ್ಟಳೆ.

"ಒಂದೇ ಏಟಿಗೆ ಸೊಟ್ಟಾಗುತ್ತಲ್ಲೋ, ಇದೂ ಒಂದು ಈಟೀನಾ?" ಎಂದು ಗೆಳೆಯ ಒಂದು ದಿನ ಬೇಜಾರುಪಟ್ಟುಕೊಂಡ. ಗಟ್ಟಿ ಮಾಡಿಕೊಟ್ಟರೆ ಅವನು ಕುಲುಮೆಯ ಕಡೆ ಬರುವುದೇ ತಪ್ಪೀತು ಎಂದು ಕಮ್ಮಾರನಿಗೆ ಗೊತ್ತಿತ್ತು. ಆದರೂ ಯಾರಿಗೂ ಹೇಳದೆ, ಅವನ ಈಟಿಗೆ ಉಕ್ಕಿನ ಕತ್ತು ಕೂರಿಸಿಕೊಟ್ಟ.

ಯುದ್ಧ ಮುಗಿದ ಸಂಜೆ ಬೇರೊಬ್ಬ ಸೈನಿಕ ಈಟಿಗಳ ಹೊರೆ ತಂದು ಸುರಿದ. ಎಲ್ಲವೂ ಸೊಟ್ಟಗಿದ್ದವು, ಒಂದು ಮಾತ್ರ ನೆಟ್ಟಗಿತ್ತು.

"ನೋಡು, ಒಂಚೂರೂ ಬಾಗಿಲ್ಲ!" ಕಮ್ಮಾರ ಹಿಗ್ಗಿಹೋದ. "ನನ್ನ ಗೆಳೆಯ ಇದನ್ನ ಎಸೆದ ತಾನೇ?"

"ಎಸೆದ. ಶತ್ರುವಿನ ಗುರಾಣಿಗೆ ನಾಟಿತು."

"ಗುರಾಣಿಯಿಂದ ಕಿತ್ತು ತಂದೆಯಾ?"

"ಇಲ್ಲ. ನಿನ್ನ ಗೆಳೆಯನ ಎದೆಯಿಂದ."