ಎಲ್ಲಾ ಒಂದೇ

"ಇದು ಅವಿಭಾಜ್ಯ ಸಂಖ್ಯೆ ಅದರಿ ಸರ," ಎಂದಳು ಸಪ್ನಾ, ಬೋರ್ಡಿನ ಮೇಲಿದ್ದ 1,11,111ನ್ನು ನೋಡುತ್ತ. "ಎಲ್ಲಾ ಒಂದೇ ಅದಾವಲ್ರಿ, ಹೆಂಗ ಒಡೀತಾವ?"

ಗಣಿತದ ಮಾಸ್ತರ ದೌಲತರಾಯರು ಸೋತ ಕೈಯಿಂದ ಕೆಳಗೆ ಬರೆದರು: 3 × 7 × 11 × 13 × 37. ಅಷ್ಟರಲ್ಲಿ ಅವರ ತಮ್ಮ ಶಾಂತಕುಮಾರ ಕ್ಲಾಸಿನ ಬಾಗಿಲಿಗೆ ಬಂದು ನಿಂತ.

"ಅಣ್ಣಾ, ಮನಿ ವಾಟ್ನಿ ಮಾಡಾಕ ಮಣ್ಣೂರಿಂದ ಹಿರ್ಯಾರು ಬಂದು ಕುಂತಾರ. ನಾಕೂ ಮಂದಿ ತಮ್ಮಂದಿರು ನಿನ್ನ ದಾರಿ ನೋಡಾಕತ್ತೇವಿ."

ಮನೆ ಪಾಲಿನ ಈ ಮಾತನ್ನು ಮುಂದೂಡಿ ಮುಂದೂಡಿ ಮಾಸ್ತರರು ದಣಿದಿದ್ದರು. ಇವತ್ತು ಬೇಡ ಅನ್ನುವ ತ್ರಾಣವೂ ಉಳಿದಿರಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಹೊರಟರು.

"ಸರ, ಇವನ್ನ ಮತ್ತ ಗುಣಿಸಿದ್ರ ಮೊದಲಿನಂಗ ಎಲ್ಲಾ ಒಂದೇ ಆಗ್ತಾವೇನ್ರಿ?" ಎಂದು ಸಪ್ನಾ ಕೇಳಿದಳು.

ದೌಲತರಾಯರು ತಮ್ಮನ ಮುಖ ನೋಡಿದರು.

"ಆಗ್ತಾವ ಯವ್ವಾ," ಎಂದರು. "ಲೆಕ್ಕದಾಗ."